ಬಾಂದಾರದ ಹಲಗೆ, ಕಾಲುವೆಯ ಕಲ್ಲು: ಶರದೃತುವಿನ ಎರಡು ನಡಿಗೆಗಳು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಲಿಖಿತ ರೂಪ. ಚರ್ಚೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಕೊನೆಗೆ ಸೇರಿಸಿದೆ.)

ಪರದೆಯ ಮೇಲೆ ಎರಡು ಫೋಟೋ ಕಾಣಿಸ್ತಿವೆ ಅಂದುಕೊಳ್ತೀನಿ. ಎಡಗಡೆಯದು ನಮ್ಮೂರು ಸುಳಕೂಡದ ಬಾಂದಾರ, ದೂಧಗಂಗಾ ನದಿಯ ಮೇಲಿನದು. ಬಲಗಡೆಯದು ಹಂಪಿಯ ತುರ್ತಾ ಕಾಲುವೆ. ಎರಡನ್ನೂ 2024ರ ಶರದೃತುವಿನಲ್ಲಿ ನನ್ನ ಮೊಬೈಲಿನಿಂದಲೇ ತೆಗೆದದ್ದು. ಒಳ್ಳೆಯ ಕ್ಯಾಮೆರಾ ನನ್ನ ಹತ್ತಿರ ಇಲ್ಲ, ಹಾಗಾಗಿ ಚಿತ್ರಗಳ ಗುಣಮಟ್ಟದ ಬಗ್ಗೆ ಮೊದಲೇ ಕ್ಷಮೆ ಕೇಳ್ತೀನಿ.

ನಾನು ಕನ್ನಡ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ಹುಟ್ಟಿದ್ದು ಕೊಲ್ಹಾಪುರ ಜಿಲ್ಲೆ ಕಾಗಲ ತಾಲೂಕಿನ ಸುಳಕೂಡದಲ್ಲಿ, ಓದುತ್ತಿರುವುದು ಹೊಸಪೇಟೆಯ ಕಡೆ. ಹೀಗಾಗಿ ದಸರೆಯ ಸುತ್ತಮುತ್ತ ಹಂಪಿಯ ಕಾಲುವೆಯ ದಂಡೆಯ ಮೇಲೆ ನಡೆಯುತ್ತೇನೆ, ದೀಪಾವಳಿಗೆ ಊರಿಗೆ ಹೋದಾಗ ಹೊಳೆಯ ದಂಡೆಯ ಮೇಲೆ ನಡೆಯುತ್ತೇನೆ. ಮೂರು ವರ್ಷದಿಂದ ಇದು ರೂಢಿ. ಮೊದಲು ಸುಮ್ಮನೆ ತಿರುಗಾಟವಾಗಿತ್ತು. ಆಮೇಲೆ ಎರಡೂ ಕಡೆಯ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ಪ್ರಶ್ನೆ ಹುಟ್ಟಿತು. ನೀರು ಕಟ್ಟುವ, ನೀರು ತರುವ ಕೆಲಸದ ಇತಿಹಾಸವನ್ನು ನಾವು ಯಾರ ಹೆಸರಿನಲ್ಲಿ ಬರೆಯುತ್ತೇವೆ? ಹೆಸರು ಬರೆಯದೆ ಬಿಟ್ಟವರನ್ನು ಎಲ್ಲಿ ಹುಡುಕಬೇಕು? ಇವತ್ತಿನ ಮಾತು ಇಷ್ಟರ ಬಗ್ಗೆಯೇ.

1. ಹಲಗೆ ಹಾಕುವ ಕಾಲ

ಮೊದಲು ಬಾಂದಾರ ಅಂದರೆ ಏನು ಅಂತ ಹೇಳಿಬಿಡ್ತೀನಿ. ದಕ್ಷಿಣ ಕರ್ನಾಟಕದ ಗೆಳೆಯರಿಗೆ ಇದು ಹೊಸದಿರಬಹುದು. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದಕ್ಕೆ 'ಕೊಲ್ಹಾಪುರ ಮಾದರಿ' ಎಂಬ ಹೆಸರೇ ಇದೆ. ನದಿಗೆ ಅಡ್ಡಲಾಗಿ ಸಾಲಾಗಿ ಕಲ್ಲಿನ ಕಂಬಗಳು. ಪ್ರತಿ ಕಂಬದ ಪಕ್ಕಕ್ಕೆ ಮೇಲಿಂದ ಕೆಳಗಿನ ತನಕ ಗಾಡಿ, ಅಂದರೆ ಸೀಳಿದಂಥ ತೋಡು. ಎರಡು ಕಂಬಗಳ ನಡುವಿನ ಆ ತೋಡುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಮರದ ಹಲಗೆಗಳ ಎರಡು ಸಾಲು, ನಡುವೆ ಮಣ್ಣು ತುಂಬಿ ಗಟ್ಟಿ ಮಾಡುವುದು. ಈಗ ಬಹಳ ಕಡೆ ಕಬ್ಬಿಣದ ಹಲಗೆಗಳು ಬಂದಿವೆ. ಮರಾಠಿಯಲ್ಲಿ ಇವಕ್ಕೆ 'ಬರಗೆ' ಅಂತಾರೆ, ನಮ್ಮ ಮಂದಿಯೂ ಅದೇ ಮಾತು ಆಡ್ತಾರೆ.

ಇದರ ಗುಟ್ಟು ಇರುವುದು ಹಲಗೆಯಲ್ಲಿ ಅಲ್ಲ, ಹಲಗೆ ತೆಗೆಯುವುದರಲ್ಲಿ. ಮಳೆಗಾಲಕ್ಕೆ ಮುಂಚೆ ಎಲ್ಲ ಹಲಗೆಗಳನ್ನೂ ಎತ್ತಿ ದಂಡೆಗೆ ಹಾಕಬೇಕು. ಇಲ್ಲವಾದರೆ ಸಹ್ಯಾದ್ರಿಯಿಂದ ಇಳಿದು ಬರುವ ನೀರು ತಡೆದು ನಿಂತು ಎರಡೂ ದಂಡೆಯ ಹೊಲ ಮುಳುಗುತ್ತವೆ. ಮಹಾಪೂರ ಬಂದರಂತೂ ಇಡೀ ಬಾಂದಾರವೇ ನೀರಿನಡಿಗೆ ಹೋಗುತ್ತದೆ. 2019ರ ಆಗಸ್ಟ್, 2021ರ ಜುಲೈ ಎರಡನ್ನೂ ನಮ್ಮ ಭಾಗದವರು ಮರೆತಿಲ್ಲ. ಮಳೆ ನಿಂತು ಹೊಳೆ ಇಳಿದ ಮೇಲೆ, ಆಶ್ವೀಜ ಕಾರ್ತೀಕದ ಹೊತ್ತಿಗೆ, ಮತ್ತೆ ಹಲಗೆ ಇಳಿಸುತ್ತಾರೆ. ತಡ ಮಾಡಿದರೆ ಹಿಡಿಯಬೇಕಾದ ನೀರು ಹರಿದು ಹೋಗುತ್ತದೆ, ಅವಸರ ಮಾಡಿದರೆ ಕೊನೆಯ ಮಳೆ ಕೆಡಿಸುತ್ತದೆ. ಕಬ್ಬಿಗೆ, ಕುಡಿಯೋದಕ್ಕೆ, ದನಕರುಗಳಿಗೆ ಬೇಸಿಗೆಯ ತನಕ ಬೇಕಾದ ನೀರು ಈ ಹದಿನೈದು ದಿನದ ಲೆಕ್ಕದ ಮೇಲೆ ನಿಂತಿದೆ. ಶರದೃತು ಅಂದರೆ ಕಾವ್ಯದಲ್ಲಿ ತಿಳಿಯಾದ ಆಕಾಶ, ತಿಳಿಯಾದ ನೀರು. ನಮ್ಮೂರಿನಲ್ಲಿ ಶರದೃತು ಅಂದರೆ ಹಲಗೆ ಹಾಕುವ ಕಾಲ.

ಸುಳಕೂಡದಿಂದ ಕೆಳಗೆ ನಡೆಯುತ್ತ ಹೋದರೆ ಹೊಳೆ ರಾಜ್ಯದ ಗಡಿ ದಾಟುತ್ತದೆ. ಕಾರದಗಾ–ಭೋಜ, ಸದಲಗಾ–ಬೋರಗಾಂವ, ಮಲಿಕವಾಡ–ದತ್ತವಾಡ, ಏಕಸಂಬಾ–ದಾನವಾಡ, ಹೀಗೆ ಜೋಡಿ ಹೆಸರಿನ ಸೇತುವೆ ಬಾಂದಾರಗಳು. ಮಳೆಗಾಲದಲ್ಲಿ ಪೇಪರಿನವರು 'ಚಿಕ್ಕೋಡಿ ಭಾಗದ ಸೇತುವೆಗಳು ಜಲಾವೃತ' ಎಂದು ಪಟ್ಟಿ ಕೊಡ್ತಾರಲ್ಲ, ಆ ಪಟ್ಟಿಯ ಹೆಸರುಗಳೇ ಇವು. ಭೋಜದ ಹತ್ತಿರ ವೇದಗಂಗಾ ಬಂದು ಕೂಡುತ್ತದೆ, ಕಲ್ಲೋಳದ ಹತ್ತಿರ ದೂಧಗಂಗಾ ಹೋಗಿ ಕೃಷ್ಣೆಯನ್ನು ಕೂಡುತ್ತದೆ. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಚಿಕ್ಕೋಡಿ ಕಡೆಯ ದಂಡೆ ಮೈಸೂರು ರಾಜ್ಯಕ್ಕೆ ಬಂತು. ನಕಾಶೆಯ ಗೆರೆ ಬದಲಾಯಿತು, ಹಲಗೆ ಹಾಕುವ ಕಾಲ ಬದಲಾಗಲಿಲ್ಲ.

ಕೊಲ್ಹಾಪುರದ ನೀರಾವರಿ ಇತಿಹಾಸ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಛತ್ರಪತಿ ಶಾಹೂ ಮಹಾರಾಜರದು. ಹೇಳಬೇಕಾದದ್ದೇ. ಭೋಗಾವತಿ ನದಿಗೆ ರಾಧಾನಗರಿ ಅಣೆಕಟ್ಟಿನ ಕೆಲಸವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಶುರು ಮಾಡಿದವರು ಅವರು. ಅವರ ಕಾಲದಲ್ಲಿ ಅದು ಅರ್ಧಕ್ಕೆ ನಿಂತು, ಪೂರ್ತಿಯಾದದ್ದು ಸ್ವಾತಂತ್ರ್ಯದ ನಂತರ. ಆದರೆ ಅಣೆಕಟ್ಟನ್ನು ಒಮ್ಮೆ ಕಟ್ಟಿದರೆ ನಿಲ್ಲುತ್ತದೆ, ಬಾಂದಾರವನ್ನು ವರ್ಷಕ್ಕೊಮ್ಮೆ ಕಟ್ಟಬೇಕು, ವರ್ಷಕ್ಕೊಮ್ಮೆ ಬಿಚ್ಚಬೇಕು. ಮೊದಲನೆಯದಕ್ಕೆ ಶಿಲಾನ್ಯಾಸದ ಕಲ್ಲು ಇರುತ್ತದೆ. ಎರಡನೆಯದಕ್ಕೆ ಏನಿರುತ್ತದೆ?

2. ಕಾಲುವೆಯ ದಂಡೆಯ ಮೇಲೆ

ಈ ಪ್ರಶ್ನೆ ಇಟ್ಟುಕೊಂಡು ಹಂಪಿಗೆ ಬರೋಣ. ಓದಲು ಬಂದ ಮೊದಲ ವರ್ಷ ನಾನು ಎಲ್ಲರಂತೆ ವಿರೂಪಾಕ್ಷ, ವಿಠ್ಠಲ, ಕಮಲ ಮಹಲ್ ನೋಡಿದೆ. ಎರಡನೆಯ ವರ್ಷ ಒಬ್ಬ ಗೆಳತಿ 'ನೀರು ಹೋದ ಕಡೆ ಹೋಗೋಣ ಬಾ' ಅಂದಳು. ಬಡವಿಲಿಂಗದ ಗುಡಿಯಿಂದ ನಡಿಗೆ ಶುರು ಮಾಡಿದೆವು. ಅಲ್ಲಿ ಲಿಂಗದ ಪೀಠ ನೀರಿನಲ್ಲೇ ನಿಂತಿದೆ, ಗರ್ಭಗುಡಿಯ ಒಳಗೇ ಕಾಲುವೆಯ ನೀರು. ಹೊರಗೆ ಬಂದರೆ ಒಂದು ಕಡೆ ಬಂಡೆಗಳ ಗುಡ್ಡ, ಇನ್ನೊಂದು ಕಡೆ ಬಾಳೆಯ ತೋಟ. ಎರಡರ ನಡುವೆ ಕಾಲುವೆ ಸುತ್ತಿ ಸುತ್ತಿ ಹೋಗುತ್ತದೆ. ದೇವಾಲಯಗಳ ಪ್ರದೇಶವನ್ನೂ ಅರಮನೆಯ ಪ್ರದೇಶವನ್ನೂ ಬೇರೆ ಮಾಡುವ ಹಸಿರು ಕಣಿವೆ ಇದ್ದರೆ ಅದಕ್ಕೆ ಈ ನೀರೇ ಕಾರಣ.

ತುಂಗಭದ್ರೆಗೆ ಅಡ್ಡಲಾಗಿ ಬಂಡೆಗಳ ನಡುವೆ ಕಲ್ಲು ಪೇರಿಸಿ ಮಾಡಿದ ಅಣೆಯಿಂದ ಈ ಕಾಲುವೆ ಹೊರಡುತ್ತದೆ. ಹಿರಿಯ ಕಾಲುವೆ ಎಂದೂ ಇದನ್ನು ಕರೆಯುತ್ತಾರೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತದಲ್ಲಿ ಹಿಂದಿನ ಒಬ್ಬ ರಾಜ ಹೊಳೆಗೆ ಅಡ್ಡ ಕಟ್ಟಿ ಪಟ್ಟಣಕ್ಕೆ ನೀರು ತಂದ ಸಂಗತಿ ಬರುತ್ತದೆ. 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಬರೆದ ರಾಬರ್ಟ್ ಸೀವೆಲ್ ಆ ರಾಜನನ್ನು ಎರಡನೆಯ ಬುಕ್ಕ ಎಂದು ಗುರುತಿಸಿದರು. ಹದಿನೈದು ಮೈಲಿಯ ಆ ಕಾಲುವೆ ತಾವು ಕಣ್ಣಾರೆ ಕಂಡ, ಗುಡ್ಡದ ಬುಡದ ಬಂಡೆ ಕಡಿದು ಮಾಡಿದ ಕಾಲುವೆಯೇ ಆಗಿದ್ದರೆ ಅದು ಅಸಾಧಾರಣ ಕೆಲಸ ಎಂದು ಮೆಚ್ಚಿಕೊಂಡರು.

ಇನ್ನೊಂದು ಮಾತು. ಇದು ಬರೀ ಸ್ಮಾರಕ ಅಲ್ಲ, ಇವತ್ತಿಗೂ ನೀರು ಹರಿಯುವ ಕಾಲುವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಆದ ಮೇಲೆ ರಾಯ ಮತ್ತು ಬಸವಣ್ಣ ಕಾಲುವೆಗಳ ಮೂಲ ಬದಲಾಗಿ ಅವಕ್ಕೆ ಜಲಾಶಯದಿಂದಲೇ ನೀರು ಬರುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ನಡೆಯಿತು. ಹೊಸ ಕಾಂಕ್ರೀಟಿನ ಪಕ್ಕದಲ್ಲಿ ಹಳೆಯ ಕಲ್ಲು, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಹೆಂಗಸರು, ನೀರಿನಲ್ಲಿ ಬಾಳೆಗೊನೆ ತೊಳೆಯುವ ಹುಡುಗರು, ಇವೆಲ್ಲ ಒಂದೇ ಚಿತ್ರದ ಚೌಕಟ್ಟಿನೊಳಗೆ ಸಿಗುತ್ತವೆ. ಕಾಂಕ್ರೀಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೊನೆಯ ಹೊಲದವನಿಗೆ ನೀರು ಮುಟ್ಟಬೇಕಲ್ಲ. ಆದರೆ ಮುಚ್ಚುವ ಮುಂಚೆ ಏನಿತ್ತು ಅನ್ನುವುದನ್ನು ಯಾರಾದರೂ ನೋಡಿ ಇಟ್ಟಿರಬೇಕು.

3. ಇರುವೆಗಳು, ಅರುವತ್ತು ಮಂದಿ, ಮತ್ತು ಒಬ್ಬ ಭಾಗೀರಥಿ

ವಿಜಯನಗರದ ಬಗ್ಗೆ ವಿದೇಶೀಯರು ಬರೆದದ್ದರಲ್ಲಿ ಶರದೃತುವಿನ ಪುಟಗಳೇ ಹೆಚ್ಚು ಪ್ರಸಿದ್ಧ. ಮಹಾನವಮಿಯ ವೈಭವವಿದೆಯಲ್ಲ, ಅದರಿಂದಾಗಿ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಆ ಉತ್ಸವವನ್ನು ವರ್ಣಿಸುತ್ತಾನೆ. ಅರಮನೆಯ ಸುತ್ತ ನಯವಾಗಿ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನೂ ಗಮನಿಸುತ್ತಾನೆ. ಅವನಿಗೆ ಕಂಡದ್ದು ಕಲ್ಲಿನ ನಯ. ನಯ ಮಾಡಿದವರು ಕಾಣಲಿಲ್ಲ.

ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಬಂದವನು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸವನ್ನು ಸ್ವತಃ ನೋಡಿದ್ದಾನೆ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯಕೆರೆ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಇರುವೆಗಳ ಹಾಗೆ ಕಾಣುತ್ತಿದ್ದರು ಎಂದು ಅವನು ಬರೆದ. ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ಬಲಿ ಬೇಕು ಎಂಬ ಮಾತು ಬಂತು. ಅರುವತ್ತು ಮಂದಿಯ ತಲೆ ತೆಗೆಸಿದರು ಎಂದೂ ಅವನೇ ಹೇಳುತ್ತಾನೆ, ಜೊತೆಗೆ ಕುದುರೆ, ಕೋಣ. ಅವನ ವೃತ್ತಾಂತ ಎಷ್ಟು ನಿಖರ ಅನ್ನುವ ಚರ್ಚೆ ಬೇರೆ. ನಾನು ಗಮನಿಸುವುದು ಇಷ್ಟು: ಕೆಲಸ ಮಾಡುವಾಗ ಇರುವೆ, ಸಾಯುವಾಗ ಅಂಕಿ. ಎರಡೂ ಕಡೆ ಹೆಸರಿಲ್ಲ.

ಇದರ ಪಕ್ಕದಲ್ಲಿ ನಮ್ಮ 'ಕೆರೆಗೆ ಹಾರ' ಇಟ್ಟು ನೋಡ್ರಿ. ಅಲ್ಲೂ ಕೆರೆಗೆ ನೀರು ಬರುವುದಿಲ್ಲ, ಅಲ್ಲೂ ಬಲಿ ಕೇಳುತ್ತಾರೆ. ಆದರೆ ಆ ಕಿರಿಯ ಸೊಸೆಗೆ ಭಾಗೀರಥಿ ಎಂಬ ಹೆಸರಿದೆ, ತವರುಮನೆ ಇದೆ, ಗೆಳತಿ ಇದ್ದಾಳೆ. ಜನಪದ ಹಾಡು ಇತಿಹಾಸದ ದಾಖಲೆ ಅಲ್ಲ, ಭಾಗೀರಥಿ ಎಂಬಾಕೆ ಇದ್ದಳು ಎಂದು ನಾನು ವಾದಿಸುತ್ತಿಲ್ಲ. ಆದರೆ ನೀರಿಗಾಗಿ ತೆತ್ತ ಬೆಲೆಗೆ ಒಂದು ಮುಖ ಬೇಕು ಅನ್ನುವುದು ಹಾಡುವ ಹೆಂಗಸರಿಗೆ ಗೊತ್ತಿತ್ತು. ವೃತ್ತಾಂತ ಬರೆದ ಪ್ರವಾಸಿಗೆ ಅದು ಹೊಳೆಯಲಿಲ್ಲ.

ಶಾಸನಗಳು ಏನು ಹೇಳುತ್ತವೆ? ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಕೆರೆ ಶಾಸ್ತ್ರಕ್ಕೇ ಒಂದು ಪಾಠ ಇದ್ದಂತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಬರಬಾರದ ಆರು ದೋಷಗಳು ಅದರಲ್ಲಿವೆ. ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಗಾಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಇದೆ. ಆಳುಗಳನ್ನು ಎಣಿಸಿದ್ದೇ ದೊಡ್ಡದು. ಕಟ್ಟಿಸಿದ ರಾಜಕುಮಾರ ಭಾಸ್ಕರನ ಹೆಸರು ಉಳಿದಿದೆ.

ನನಗೆ ಬಹಳ ಇಷ್ಟವಾದದ್ದು ಗೌರಿಬಿದನೂರು ತಾಲೂಕಿನ 1388ರ ಶಾಸನ. ಎರಡನೆಯ ಹರಿಹರನ ಮಗ ಪ್ರತಾಪ ಬುಕ್ಕರಾಯ ಪೆನುಗೊಂಡೆಯಲ್ಲಿದ್ದಾಗ, ಹೆನ್ನೆಯ ಹೊಳೆಯ ನೀರನ್ನು ಪೆನುಗೊಂಡೆಗೆ ತರಬೇಕೆಂದು ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಅಪ್ಪಣೆ ಕೊಡುತ್ತಾನೆ. ಹೆನ್ನೆ ಅಂದರೆ ಪೆನ್ನಾರ್. ಸಿಂಗಾಯಭಟ್ಟ ಸಿರುವೆರದ ಕೆರೆಗೆ ಕಾಲುವೆ ತಂದು, ಅದಕ್ಕೆ ಪ್ರತಾಪ ಬುಕ್ಕರಾಯಮಂಡಲ ಕಾಲುವೆ ಎಂದು ಹೆಸರಿಟ್ಟು ಶಾಸನ ಬರೆಸಿದ. ನೋಡ್ರಿ, ಇಲ್ಲಿ ಎಂಜಿನಿಯರನ ಹೆಸರು ಸಿಕ್ಕಿತು. ಹತ್ತು ವಿದ್ಯೆಗಳ ಚಕ್ರವರ್ತಿ ಎಂಬ ಬಿರುದೂ ಅವನಿಗಿದೆ. ಆದರೆ ಕಾಲುವೆಗೆ ಇಟ್ಟ ಹೆಸರು ರಾಜಕುಮಾರನದೇ.

ಆರುನೂರು ವರ್ಷದ ಮೇಲೂ ಈ ಏಣಿ ಬಹಳ ಬದಲಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ಗೇಟು ಇಳಿಸಿದರು. ಮಾರ್ಗದರ್ಶನ ಮಾಡಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂತು, ಸರಿಯಾಗಿಯೇ ಬಂತು. ಅದಕ್ಕೆ ಸ್ಟಾಪ್ ಲಾಗ್ ಅಂದರು. ಅಂದರೆ ಏನು? ತೋಡಿನಲ್ಲಿ ಒಂದರ ಮೇಲೊಂದು ಇಳಿಸುವ ಹಲಗೆ. ಆ ಸುದ್ದಿ ಟಿ.ವಿ.ಯಲ್ಲಿ ಬರುವಾಗ ನಮ್ಮವ್ವ ಫೋನ್ ಮಾಡಿ, 'ಅಯ್ಯ, ಇದು ನಮ್ಮ ಬರಗೆನ ಅಲ್ಲೇನ' ಅಂದಳು. ಅಲ್ಲಿಂದಲೇ ಈ ಎರಡು ಚಿತ್ರಗಳು ನನ್ನ ತಲೆಯಲ್ಲಿ ಜೋಡಿಯಾದವು.

4. ಓರೆ ಬಿಸಿಲಿನಲ್ಲಿ ಕಾಣುವ ಅಕ್ಷರ

ಈಗ ಫೋಟೋದ ವಿಷಯ. ಹಂಪಿಯನ್ನು ಮೊದಲು ವ್ಯವಸ್ಥಿತವಾಗಿ ಚಿತ್ರೀಕರಿಸಿದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೈನ್ಯದ ಅಧಿಕಾರಿ, 1856ರಲ್ಲಿ. ಮೇಣ ಸವರಿದ ಕಾಗದದ ನೆಗೆಟಿವ್ ಬಳಸುವ ಪದ್ಧತಿ ಅದು. ಆ ಕಾಗದಕ್ಕೆ ಬೆಳಕು ನಿಧಾನವಾಗಿ ಹಿಡಿಯುತ್ತದೆ, ಆದ್ದರಿಂದ ಬಹಳ ಹೊತ್ತು ತೆರೆದಿಡಬೇಕು. ಅಷ್ಟು ಹೊತ್ತು ಅಲುಗದೆ ನಿಂತದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತದೆ. ಗೋಪುರ ಉಳಿಯುತ್ತದೆ, ಬಂಡೆ ಉಳಿಯುತ್ತದೆ. ನಡೆದು ಹೋದವರು ಮಾಯವಾಗುತ್ತಾರೆ, ಹರಿಯುವ ನೀರು ಮಂಜಾಗುತ್ತದೆ. ಅಂದರೆ ಹಂಪಿಯ ಫೋಟೋ ಪರಂಪರೆ ಶುರುವಾದದ್ದೇ ನೀರನ್ನೂ ಮನುಷ್ಯರನ್ನೂ ಹಿಡಿಯಲಾಗದ ತಂತ್ರದಿಂದ. ಇದು ಗ್ರೀನ್‌ಲಾನ ತಪ್ಪಲ್ಲ. ಆದರೆ ಇವತ್ತು ಕ್ಷಣದಲ್ಲಿ ಹಿಡಿಯುವ ಮೊಬೈಲು ಕೈಯಲ್ಲಿದ್ದರೂ ನಾವು ಜನ ಸರಿಯಲಿ ಎಂದು ಕಾದು ಗೋಪುರ ತೆಗೆಯುತ್ತೇವೆ. ಅದು ಮಾತ್ರ ನಮ್ಮ ಆಯ್ಕೆ.

1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ನಡುವೆ 127 ವರ್ಷ. ಏನು ಬಿತ್ತು, ಏನು ಉಳಿಯಿತು, ಎಲ್ಲಿ ಹೊಲ ಬಂತು ಎಂಬುದನ್ನು ಇಂಥ ಜೋಡಿ ಚಿತ್ರ ಹೇಳುವಷ್ಟು ಸ್ಪಷ್ಟವಾಗಿ ಒಂಟಿ ಚಿತ್ರ ಹೇಳುವುದಿಲ್ಲ. ಈ ವಿಧಾನವನ್ನೇ ನಾನು ಸಣ್ಣ ಪ್ರಮಾಣದಲ್ಲಿ ಸುಳಕೂಡಕ್ಕೆ ಒಯ್ದೆ. ಪ್ರತಿ ವರ್ಷ ದೀಪಾವಳಿ ಪಾಡ್ಯದ ಬೆಳಿಗ್ಗೆ, ಅದೇ ಕಂಬದ ಹತ್ತಿರ, ಅದೇ ದಿಕ್ಕಿಗೆ ಒಂದು ಚಿತ್ರ.

ಬೆಳಿಗ್ಗೆಯೇ ಯಾಕೆ ಅಂದರೆ, ಶರದೃತುವಿನ ಬೆಳಕಿಗೆ ಒಂದು ಗುಣ ಇದೆ. ಮಳೆ ಧೂಳನ್ನು ತೊಳೆದಿರುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಳೆಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದಾಗ ಸವೆದ ಗೀರಿನಲ್ಲೂ ನೆರಳು ತುಂಬುತ್ತದೆ. ಮಧ್ಯಾಹ್ನ ಬರೀ ಕಲ್ಲಾಗಿ ಕಾಣುವುದು ಬೆಳಿಗ್ಗೆ ಅಕ್ಷರವಾಗಿ ಕಾಣುತ್ತದೆ. ಶಾಸನ ಓದುವವರು ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿಯುವುದು ಇದೇ ಕಾರಣಕ್ಕೆ.

ಹಂಪಿಯ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ನಿಮಗೆಲ್ಲ ಗೊತ್ತು. 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು, ಕಪ್ಪು ಕಲ್ಲಿನದು. ಪಕ್ಕದಲ್ಲೇ ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆ ಇದೆ. ಆ ಪುಷ್ಕರಣಿಯ ಕಲ್ಲುಗಳ ಮೇಲೆ ಗುರುತುಗಳಿವೆ, ಕನ್ನಡದಲ್ಲಿ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು. ಕಲ್ಲುಗಳನ್ನು ಬೇರೆ ಕಡೆ ಕೆತ್ತಿ ತಂದು, ಇಲ್ಲಿ ಗುರುತು ನೋಡಿ ಜೋಡಿಸಿದರು ಎಂದು ವಿದ್ವಾಂಸರು ಊಹಿಸುತ್ತಾರೆ.

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನ್ನ ಮಾತಿನ ಮುಖ್ಯ ಅಂಶ ಇಲ್ಲಿದೆ. ನಾವು ಕನ್ನಡ ಬರವಣಿಗೆಯ ಇತಿಹಾಸವನ್ನು ಪ್ರಶಸ್ತಿ ಶಾಸನ, ವೀರಗಲ್ಲು, ದಾನಶಾಸನಗಳಿಂದ ಕಟ್ಟುತ್ತೇವೆ. ಅವೆಲ್ಲ ಓದುವವರಿಗಾಗಿ ಬರೆದವು. ಪುಷ್ಕರಣಿಯ ಗುರುತುಗಳನ್ನು ಕೆಲಸ ಮಾಡುವವರು ಕೆಲಸ ಮಾಡುವವರಿಗಾಗಿ ಬರೆದರು. ಕೆತ್ತುವವನೊಬ್ಬ, ಜೋಡಿಸುವವನೊಬ್ಬ, ಇಬ್ಬರ ನಡುವಿನ ಮಾತು ಅದು. ನೀರು ತುಂಬಿದ ಮೇಲೆ ಆ ಅಕ್ಷರಗಳಲ್ಲಿ ಬಹಳಷ್ಟು ಮುಳುಗಿಹೋಗುತ್ತಿದ್ದವು. ಯಾರೂ ಓದಲಿ ಎಂದು ಅವು ಕಾದಿರಲಿಲ್ಲ. ಕಲ್ಲುಕುಟಿಗನ ಹೆಸರು ನಮಗೆ ಸಿಗದಿರಬಹುದು, ಅವನ ಅಕ್ಷರ ಸಿಕ್ಕಿದೆ. ಹೆಸರಿಲ್ಲದವರನ್ನು ಎಲ್ಲಿ ಹುಡುಕಬೇಕು ಎಂಬ ನನ್ನ ಪ್ರಶ್ನೆಗೆ ಇದು ಒಂದು ಉತ್ತರ.

5. 'ಫೋಟೋ ಯಾರಿಗೆ ಕೊಡಾಕಿ?'

ಇದೇ ಹುಮ್ಮಸ್ಸಿನಲ್ಲಿ ಆ ವರ್ಷದ ದೀಪಾವಳಿಗೆ ಊರಿಗೆ ಹೋದೆ. ಬಾಂದಾರದ ದಂಡೆಯಲ್ಲಿ ಕಬ್ಬಿಣದ ಹಲಗೆಗಳ ರಾಶಿ. ಹತ್ತಿರ ಹೋಗಿ ನೋಡಿದರೆ ಕೆಲವು ಹಲಗೆಗಳ ಮೇಲೆ ಬಣ್ಣದಲ್ಲಿ ಅಂಕಿ, ಒಂದು ಗೀಟು, ಒಂದು ಚುಕ್ಕೆ. ಯಾವ ಗಾಡಿಗೆ ಯಾವ ಹಲಗೆ ಎಂಬ ಗುರುತು. ಆರುನೂರು ಕಿಲೋಮೀಟರಿನಷ್ಟು ಓಡಾಡಿ, ಪುಸ್ತಕ ತಿರುವಿ ಹುಡುಕಿದ್ದು ನಮ್ಮ ಹೊಳೆಯ ದಂಡೆಯಲ್ಲೇ ಬಿದ್ದಿತ್ತು. ಖುಷಿಯಿಂದ ಒಂದರ ಮೇಲೊಂದು ಫೋಟೋ ಹೊಡೆಯತೊಡಗಿದೆ. ಅಲ್ಲೇ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು.

'ಯಾರ ಮಗಳವಾ ನೀ?'

ಹೇಳಿದೆ.

'ಹಂಗಾದ್ರ ನಮ್ಮಾಕಿನ. ಆದ್ರ ಈ ಫೋಟೋ ಯಾರಿಗೆ ಕೊಡಾಕಿ?'

'ಯಾರಿಗೂ ಇಲ್ಲ ಕಾಕಾ. ನಮ್ಮ ಅಭ್ಯಾಸಕ್ಕ.'

'ಅಭ್ಯಾಸಕ್ಕಂತ ಮೊದಲೂ ಮಂದಿ ಬಂದಿದ್ರು. ಅಳತಿ ಹಿಡದು ಹೋದ್ರು.'

ಅವರ ಅನುಮಾನಕ್ಕೆ ಕಾರಣ ಇದೆ. ಇಚಲಕರಂಜಿ ಜವಳಿ ಪಟ್ಟಣ. 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಇವತ್ತು ಊರಿಗೆ ಊರೇ ಮಗ್ಗದ ಸದ್ದು. ಪಕ್ಕದಲ್ಲೇ ಪಂಚಗಂಗಾ ಹರಿಯುತ್ತದೆ, ಆದರೆ ಪಟ್ಟಣಗಳ ಕೊಳಚೆ, ಕಾರಖಾನೆಗಳ ನೀರು ಸೇರಿ ಅದು ಕೆಟ್ಟಿದೆ. ಶಾಹೂ ಮಹಾರಾಜರು ರಾಧಾನಗರಿ ಕಟ್ಟಿಸಿದ್ದು ಈ ಪಂಚಗಂಗೆಗೆ ಬರುವ ಭೋಗಾವತಿಯ ಮೇಲೆಯೇ. ಕುಡಿಯುವ ನೀರಿಗಾಗಿ ಮೊದಲು ವಾರಣಾ ನದಿಯಿಂದ ತರುವ ಯೋಜನೆಯಾಯಿತು, ಆ ದಂಡೆಯ ಹಳ್ಳಿಗಳು ವಿರೋಧಿಸಿದವು. ನಂತರ ಅಮೃತ್ 2.0 ಯೋಜನೆಯಡಿ ಸುಮಾರು 160 ಕೋಟಿ ರೂಪಾಯಿಗಳಲ್ಲಿ ಸುಳಕೂಡದಿಂದ ದೂಧಗಂಗಾ ನೀರು ಒಯ್ಯುವ ಯೋಜನೆ ಬಂತು. ಕಾಗಲ ಕಡೆಯ ದಂಡೆಯವರು ಇದನ್ನೂ ವಿರೋಧಿಸಿದರು. ಕಾಳಮ್ಮವಾಡಿ ಅಣೆಕಟ್ಟಿನಿಂದ ಬರುವ ಈ ನೀರಿನಲ್ಲಿ ಕರ್ನಾಟಕದ ಪಾಲೂ ಇದೆ. ಹಾಗಾಗಿ ಕೆಳಗಿನ ದಂಡೆಯವರಿಗೂ ಇದು ದೂರದ ಸುದ್ದಿ ಅಲ್ಲ.

ನಮ್ಮೂರಿನವರ ಮಾತು ನನಗೆ ಅರ್ಥವಾಗುತ್ತದೆ. ವರ್ಷ ವರ್ಷ ಹಲಗೆ ಹಾಕಿ ಹಿಡಿದಿಟ್ಟ ನೀರು ನಮ್ಮ ಕಣ್ಣೆದುರು ಪೈಪಿನಲ್ಲಿ ಹೋದರೆ ಬೇಸಿಗೆಗೆ ನಮಗೇನು? ಆದರೆ ನಮ್ಮ ಮಾವಶಿ ಇರುವುದು ಇಚಲಕರಂಜಿಯಲ್ಲಿ. ಮನೆಯವರು ಮಗ್ಗದ ಕೆಲಸಕ್ಕೆ ಹೋಗ್ತಾರೆ. ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಅದೇ ದೀಪಾವಳಿಯ ಭಾಊಬೀಜಕ್ಕೆ ಹೋದಾಗ ಅವಳು ಅಂದಳು: 'ನಿಮ್ಮೂರಾಗ ಹೊಳೀನ ಐತಿ. ನಮ್ಮ ನಳಕ್ಕ ಮೊದಲ ಗಾಳಿ ಬರತೈತಿ, ಆಮ್ಯಾಲ ನೀರು.' ಆ ಮಾತಿಗೆ ಸುಳಕೂಡದವಳಾಗಿ ನನ್ನ ಬಳಿ ಉತ್ತರ ಇರಲಿಲ್ಲ. ಮಾವಶಿಯ ತವರೂ ಸುಳಕೂಡವೇ.

ನನ್ನ ಪ್ರಬಂಧ ಈ ಜಗಳವನ್ನು ಬಗೆಹರಿಸುವುದಿಲ್ಲ. ಆದರೆ ಇತಿಹಾಸ ಬರೆಯುವ ರೀತಿಗೂ ಈ ಜಗಳಕ್ಕೂ ಸಂಬಂಧ ಇದೆ ಎಂದು ಹೇಳುತ್ತೇನೆ. ಕಾಲುವೆಯನ್ನು ರಾಜನ ಕೊಡುಗೆ ಎಂದು ಬರೆದಾಗ ನೀರು ಯಾರೋ ಕೊಡುವ ವಸ್ತುವಾಗುತ್ತದೆ. ಆಮೇಲೆ ಉಳಿಯುವ ಪ್ರಶ್ನೆ ಒಂದೇ: ಸರಕಾರ ಯಾರಿಗೆ ಕೊಟ್ಟಿತು, ಯಾರಿಂದ ಕಿತ್ತುಕೊಂಡಿತು. ಹಲಗೆಯ ಗುರುತಿನಿಂದ ಬರೆದರೆ ನೀರು ಪ್ರತಿ ವರ್ಷ ಕೆಲವರು ದುಡಿದು ಹಿಡಿದಿಡುವ ವಸ್ತು. ಆಗ ಹಿಡಿದಿಟ್ಟವರನ್ನು ಕೇಳದೆ ಒಯ್ಯುವುದು ಸರಿಯಲ್ಲ ಎನ್ನುವುದು ಕಾಣುತ್ತದೆ. ತಮ್ಮ ದಂಡೆಯ ನದಿಯನ್ನು ಕೆಡಿಸಿಕೊಂಡ ಪಟ್ಟಣ ಆ ನದಿಗೆ ಮೊದಲು ದುಡಿಯಬೇಕು ಎನ್ನುವುದೂ ಕಾಣುತ್ತದೆ. ಹಾಗೆಯೇ ನೆಂಟರ ಮನೆಯ ನಳದಲ್ಲಿ ಗಾಳಿ ಬರುವಾಗ ಹೊಳೆ ನಮ್ಮೊಬ್ಬರದೇ ಎನ್ನಲು ಬಾಯಿ ಬರುವುದಿಲ್ಲ.

ಆ ಕಾಕಾಗೆ ಮೊಬೈಲಿನಲ್ಲಿ ಹಂಪಿಯ ಪುಷ್ಕರಣಿಯ ಚಿತ್ರ ತೋರಿಸಿದೆ. ಕಲ್ಲಿನ ಗುರುತನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. 'ಇವ್ರೂ ನಂಬರ ಹಾಕ್ಯಾರಲ್ಲ' ಅಂದರು. ಆಮೇಲೆ ಯಾವ ಗೀಟಿಗೆ ಏನರ್ಥ ಅಂತ ತಾವೇ ಹೇಳುತ್ತ ಹೋದರು. ಚುಕ್ಕೆ ಇದ್ದದ್ದು ಸೋರುವ ಹಲಗೆಯಂತೆ, ಅದನ್ನು ಮೇಲಿನ ಸಾಲಿಗೇ ಹಾಕಬೇಕಂತೆ. ಕೆಳಗೆ ನೀರಿನ ಒತ್ತಡ ಹೆಚ್ಚು.

ಚರ್ಚೆಯಿಂದ

ಒಬ್ಬ ಅಧ್ಯಾಪಕರು ಕೇಳಿದರು: 'ವಿವಾದ ಇರುವ ಜಾಗದ ಚಿತ್ರಗಳನ್ನು ಹೀಗೆ ತೋರಿಸಿದರೆ ಯಾರಾದರೂ ಸಾಕ್ಷಿಯಾಗಿ ಬಳಸಬಹುದಲ್ಲ? ಕಾಕಾ ಅವರ ಅನುಮಾನಕ್ಕೆ ನಿಮ್ಮ ಉತ್ತರ ಏನು?'

ಸರ್, ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಮಾಡಿಕೊಂಡ ನಿಯಮ ಇಷ್ಟು. ಮುಖ ಕಾಣುವ ಚಿತ್ರ ಇಲ್ಲಿ ಹಾಕಿಲ್ಲ. ನೀರಿನ ಮಟ್ಟ ತೋರಿಸುವ ಚಿತ್ರಗಳನ್ನೂ ಹಾಕಿಲ್ಲ, ಹಲಗೆ ಮತ್ತು ಗುರುತು ಮಾತ್ರ. ಎಲ್ಲ ಚಿತ್ರಗಳ ಒಂದು ಪ್ರತಿ ಊರಿನಲ್ಲಿ ಇದೆ. ಹಲಗೆ ಹಾಕುವವರ ಹೆಸರುಗಳನ್ನು ಅವರ ಒಪ್ಪಿಗೆಯಿಂದ ಒಂದು ವಹಿಯಲ್ಲಿ ಬರೆದಿದ್ದೇನೆ, ಆ ವಹಿಯೂ ಅವರ ಹತ್ತಿರವೇ ಇದೆ. ಸಂಶೋಧನೆಗೆ ಹೆಸರು ಬೇಕು ಅಂತ ನಾನೇ ವಾದಿಸಿ, ಆ ಹೆಸರುಗಳನ್ನು ಇಲ್ಲಿ ಹೇಳದಿರುವುದು ವಿಚಿತ್ರ ಅನಿಸಬಹುದು. ಆದರೆ ಹೇಳುವುದು ಯಾವಾಗ ಎಂದು ನಿರ್ಧರಿಸಬೇಕಾದವರು ಅವರು.

ಇಲ್ಲಿ ಕೇಳುತ್ತಿರುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರ ಹತ್ತಿರ ಒಂದು ಕಾಲುವೆ, ತೂಬು, ಬಾಂದಾರ, ಕೆರೆಯ ಕೋಡಿ, ಏನೋ ಒಂದು ಇದ್ದೇ ಇರುತ್ತದೆ. ಈ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಹೋಗಿ, ಒಂದೇ ಜಾಗದಲ್ಲಿ ನಿಂತು ಒಂದು ಚಿತ್ರ ತೆಗೆಯಿರಿ. ಮುಂದಿನ ಕಾರ್ತೀಕದಲ್ಲಿ ಅದೇ ಜಾಗಕ್ಕೆ ಹೋಗಿರಿ. ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ, ಅವರು ಇಟ್ಟ ಗುರುತುಗಳ ಅರ್ಥ ಕೇಳಿ ಬರೆದಿಡಿ. ನನ್ನ ಹತ್ತಿರ ಈಗ ಇರುವುದು ಮೂರು ವರ್ಷದ ಮೂರು ಚಿತ್ರ, ಅರ್ಧ ವಹಿ. ಬಹಳ ಕಡಿಮೆ.